ನಮ್ಮ ಮನೆತನಗಳ ಚರಿತ್ರೆ

ಖಾತೆಯ ಬದಲಾವಣೆಗಾಗಿಯೋ, ಪಿತ್ರಾರ್ಜಿತವಾದ ಭೂಮಿಯ ವಿಭಾಗಕ್ಕಾಗಿಯೋ ನಾಡಕಚೇರಿಗೆ ಹೋದವರಿಗೆಲ್ಲ ಒಂದು ಪ್ರಶ್ನೆ ಎದುರಾಗುವುದು: ವಂಶವೃಕ್ಷವೆಲ್ಲಿ? ಅರ್ಜಿದಾರನು ತಂದೆಯ ಹೆಸರನ್ನು ಥಟ್ಟನೆ ಹೇಳುವನು. ಅಜ್ಜನ ಹೆಸರನ್ನು ತುಸು ತಡೆದು ಹೇಳುವನು. ಮುತ್ತಜ್ಜನ ಹೆಸರನ್ನು ಕೇಳಿದೊಡನೆ ಊರಿನಲ್ಲಿರುವ ದೊಡ್ಡಪ್ಪನಿಗೆ ಫೋನು ಮಾಡಲು ಹೊರಗೆ ಹೋಗುವನು. ಕಲಿತವರ ಸ್ಥಿತಿಯೂ ಇದಕ್ಕಿಂತ ಮೇಲಾಗಿಲ್ಲ. ಶ್ರಾದ್ಧಾದಿಗಳನ್ನು ನಡೆಸುವ ಮನೆಗಳಲ್ಲಿ ವಸು, ರುದ್ರ, ಆದಿತ್ಯ ರೂಪರಾದ ಮೂರು ತಲೆಗಳ ಹೆಸರು ಪುರೋಹಿತರ ಚೀಟಿಯಲ್ಲಾದರೂ ಉಳಿದಿರುವುದು. ನಾಲ್ಕನೆಯ ತಲೆಯನ್ನು ಕುರಿತು ವಿಚಾರಿಸಿದರೆ ಅಲ್ಲಿಯೂ ಮೌನವೇ ಉತ್ತರ. ರಾಷ್ಟ್ರಕೂಟರ ಮತ್ತು ಹೊಯ್ಸಳರ ಅರಸುಗಳ ಪಟ್ಟಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ನಮ್ಮ ಪದವೀಧರರಿಗೆ ತಮ್ಮ ಸ್ವಂತ ಮುತ್ತಜ್ಜಿಯ ತವರೂರು ಯಾವುದೆಂಬುದು ತಿಳಿಯದು.

ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಹೇಳಿ ಹಳೆಯ ಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅವರಿಗೂ ಮರೆವು ಇತ್ತು. ಆದರೆ ನೆನಪಿಡುವ ಕೆಲಸವನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ಜನರು ಅವರ ನಡುವೆ ಇದ್ದರು. ಉತ್ತರ ಕರ್ನಾಟಕದ ವಾಚಕರಿಗೆ ಹೆಳವರ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಇತರರಿಗಾಗಿ ನಾಲ್ಕು ಮಾತು. ಸುಗ್ಗಿ ಮುಗಿದು ಕಣದ ರಾಶಿಯು ಮನೆ ಸೇರುವ ವೇಳೆಗೆ ಹೆಳವನು ಎತ್ತನ್ನೇರಿ ಊರಿಗೆ ಬರುತ್ತಿದ್ದನು. ಹೆಳವನೆಂದರೆ ಕಾಲಿಲ್ಲದವನು, ಆ ಹೆಸರಿಗೆ ಒಪ್ಪುವಂತೆ ಕಾಲುಗಳನ್ನು ಕಂಬಳಿಯಿಂದ ಮರೆಮಾಡಿಕೊಂಡು ಕುಳಿತು ಬರುವುದು ಅವರ ಪದ್ಧತಿಯಾಗಿತ್ತು. ೧೯೦೯ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಈ ದೃಶ್ಯವನ್ನು ವರ್ಣಿಸಿ, ಗ್ರಾಮಗಳ ಚರಿತ್ರೆಯನ್ನು ಕಾಯ್ದುಕೊಂಡು ಬಂದವರು ಇವರೇ ಎಂದು ಬರೆದಿರುವರು. ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನು ಯಾರು, ಬೆಡಗು ಯಾವುದು, ಯಾವ ಊರಿನಿಂದ ಏತಕ್ಕಾಗಿ ಗುಳೆ ಬಂದರು, ಕಾಳಗದಲ್ಲಿ ಮಡಿದವರಾರು ಎಂಬುದನ್ನೆಲ್ಲ ಹೆಳವನು ರಾಗವಾಗಿ ಹೇಳುವನು. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರನ್ನು ಕೇಳಿ ಬರೆದುಕೊಳ್ಳುವನು. ಕಾಳನ್ನೋ, ಬಟ್ಟೆಯನ್ನೋ, ಅನುಕೂಲವಿದ್ದವರ ಮನೆಯಲ್ಲಿ ಆಕಳನ್ನೋ ಪಡೆದು ಮುಂದಿನ ಮನೆಗೆ ಹೋಗುವನು. ಇಂತಿಂಥ ಊರುಗಳು ಇಂತಿಂಥ ಹೆಳವನ ಪಾಲಿನವು ಎಂದು ಅವರಲ್ಲಿ ಪರಂಪರೆಯಿಂದ ಬಂದ ಏರ್ಪಾಡುಂಟು. ಅಣ್ಣತಮ್ಮಂದಿರು ಬೇರೆಯಾಗುವಾಗ ನಾವು ಹೊಲ ಹಂಚಿಕೊಂಡಂತೆ ಅವರು ಊರುಗಳನ್ನು ಹಂಚಿಕೊಳ್ಳುವರು. ನಮ್ಮ ಅಜ್ಜಂದಿರ ಹೆಸರುಗಳು ಅವರ ಆಸ್ತಿಯೆಂದರೆ ತಪ್ಪಾಗದು.

ಹೆಳವರು ಈಗಲೂ ಬರುತ್ತಿರುವರು. ಎತ್ತಿನ ಸ್ಥಾನಕ್ಕೆ ಹಲವೆಡೆ ಮೋಟಾರು ಗಾಡಿ ಬಂದಿದೆ. ಆದರೆ ಅವರು ಬರುವ ಮನೆಗಳೇ ಇಲ್ಲವಾಗುತ್ತಿವೆ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋದರು. ಮನೆಗೆ ಬೀಗ ಬಿದ್ದಿತು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಕೃಷ್ಣಾ ತೀರದ ಊರುಗಳ ಜನರು ಪುನರ್ವಸತಿಯ ಬಡಾವಣೆಗಳಿಗೆ ಚದುರಿದರು. ಹಳೆಯ ಬಾಗಲಕೋಟೆಯ ಓಣಿಗಳಲ್ಲಿದ್ದವರನ್ನು ಈಗ ನವನಗರದ ಸೆಕ್ಟರುಗಳಲ್ಲಿ ಹುಡುಕಬೇಕಾಗಿದೆ. ಹುಡುಕಿಕೊಂಡು ಬಂದ ಹೆಳವನನ್ನು ಭಿಕ್ಷುಕನೆಂದು ತಿಳಿದು ಹೊರಬಾಗಿಲಿನಿಂದಲೇ ಸಾಗಹಾಕುವ ಸೊಸೆಯಂದಿರೂ ಇರುವರು. ಪಾಪ, ಅವರ ತಪ್ಪೇನು? ಅವನು ಯಾರೆಂದು ಅವರಿಗೆ ಹೇಳಿದವರಿಲ್ಲ.

ಆದರೂ ಹೆಳವನು ಹೇಳಿದುದೆಲ್ಲವೂ ಚರಿತ್ರೆಯೆಂದು ನಾವು ವಾದಿಸುವುದಿಲ್ಲ. ದಾನ ಕೊಡುವ ಮನೆಯ ಹಿರಿಯನನ್ನು ಹೇಡಿಯೆಂದು ಯಾವ ಹೆಳವನೂ ಹಾಡಲಾರನು. ವಂಶದ ಹೊಗಳಿಕೆಗೆ ಆಶೆಪಟ್ಟು ಸುಳ್ಳನ್ನು ಕೊಂಡುಕೊಳ್ಳುವುದು ಅರಸುಗಳಿಂದಲೇ ಬಂದ ರೂಢಿ. ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಶಾಸನತಜ್ಞರಾದ ಫ್ಲೀಟರು ಸಾಧಿಸಹೊರಟುದನ್ನೂ, ರೈಸರು ಅದನ್ನು ಒಪ್ಪದೆ ವಾದಿಸಿದುದನ್ನೂ ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ತಾಮ್ರದ ಮೇಲೆಯೇ ಸಂಶಯವಿರುವಾಗ ಕಾಗದದ ಪಾಡೇನು? ಈಚೆಗೆ ಹಲವು ಮನೆತನಗಳವರು ಅಚ್ಚು ಹಾಕಿಸಿ ಹಂಚುವ ವಂಶಚರಿತ್ರೆಗಳನ್ನು ನೋಡಿದರೆ, ಕರ್ನಾಟಕದಲ್ಲಿ ಹಿಂದೆ ಸೇನಾಪತಿಗಳೂ ದಿವಾನರೂ ಹೊರತು ಬೇರೆ ಯಾರೂ ಇರಲಿಲ್ಲವೆಂದು ತೋರುವುದು. ಉತ್ತವರಾರು, ನೇಯ್ದವರಾರು, ಸಾಲ ಮಾಡಿ ಊರು ಬಿಟ್ಟವರಾರು?

ಹಾಗೆಂದು ನಮ್ಮಲ್ಲಿ ನಿಜವನ್ನು ನಿರ್ಭಯವಾಗಿ ಹೇಳಿದವರಿಲ್ಲವೆಂದಲ್ಲ. ಆದಿಕವಿ ಪಂಪನು ತನ್ನ ವಿಕ್ರಮಾರ್ಜುನವಿಜಯದಲ್ಲಿ ಮಾಧವ ಸೋಮಯಾಜಿಯಿಂದ ಹಿಡಿದು ತಂದೆ ಅಭಿರಾಮದೇವರಾಯನವರೆಗೆ ತನ್ನ ವಂಶವನ್ನು ಹೇಳಿಕೊಂಡಿರುವನು. ಮೇಲಿನವರು ಯಜ್ಞಯಾಗಾದಿಗಳನ್ನು ಮಾಡಿದ ವೈದಿಕರು. ತಂದೆಯು ಜೈನಧರ್ಮವನ್ನು ಸ್ವೀಕರಿಸಿದವನು. ಮನೆಯೊಳಗಿನ ಇಂತಹ ದೊಡ್ಡ ಮಾರ್ಪಾಟನ್ನು ಕವಿಯು ಮುಚ್ಚಿಡಲಿಲ್ಲ. ಆದರೆ ತಾಯಿಯ ಹೆಸರು? ಅದು ನಮಗೆ ತಿಳಿದುದು ಕಾವ್ಯದಿಂದಲ್ಲ. ಇಂದಿನ ತೆಲಂಗಾಣದ ಕರೀಂನಗರ ಸೀಮೆಯಲ್ಲಿ ಕುರ್ಕ್ಯಾಲವೆಂಬ ಊರಿನ ಬಳಿ ಬೊಮ್ಮಲಗುಟ್ಟವೆಂಬ ಬೆಟ್ಟವಿದೆ. ಅದರ ಬಂಡೆಯ ಮೇಲೆ ಪಂಪನ ತಮ್ಮನಾದ ಜಿನವಲ್ಲಭನು ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿ ಶಾಸನವನ್ನು ಕೆತ್ತಿಸಿರುವನು. ಅಣ್ಣತಮ್ಮಂದಿರ ತಾಯಿಯು ಅಬ್ಬಣಬ್ಬೆ, ಆಕೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ಅಲ್ಲಿಂದ ತಿಳಿದುಬಂದಿತು. ತಂದೆಯ ಹೆಸರು ಅಲ್ಲಿ ಭೀಮಪಯ್ಯನೆಂದಿದೆ. ಒಬ್ಬನೇ ಮನುಷ್ಯನು ಎರಡು ಬರಹಗಳಲ್ಲಿ ಎರಡು ಹೆಸರಿನಿಂದ ಕಾಣಿಸಿಕೊಂಡಿರುವನು. ಮನೆತನದ ಚರಿತ್ರೆಯನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಅಣ್ಣನನ್ನು ಕೇಳಿದ ಪ್ರಶ್ನೆಯನ್ನು ತಮ್ಮನನ್ನೂ ಕೇಳಬೇಕು.

ತಾಯಿಯ ಕಡೆಯನ್ನು ಹೇಳುವ ಈ ರೂಢಿಯು ಒಂದೆರಡು ಶಾಸನಗಳಿಗೆ ಸೀಮಿತವಾದುದಲ್ಲ. ವಿಷ್ಣುವರ್ಧನನ ರಾಣಿಯಾದ ಶಾಂತಲೆಯು ೧೧೩೧ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ಆಕೆಯ ತಾಯಿ ಮಾಚಿಕಬ್ಬೆಯು ಸನ್ಯಸನವ್ರತದಿಂದ ಪ್ರಾಣಬಿಟ್ಟುದನ್ನೂ, ಮಾಚಿಕಬ್ಬೆಯ ಹೆತ್ತವರಾರೆಂಬುದನ್ನೂ ಶ್ರವಣಬೆಳಗೊಳದ ಶಾಸನವು ತಿಳಿಸುವುದು. ಇದಾಗಿ ಒಂಬತ್ತು ಶತಮಾನಗಳು ಆಗುತ್ತ ಬಂದವು. ನಮ್ಮ ಪತ್ರಿಕೆಗೆ ಬರುವ ಮರಣವಾರ್ತೆಗಳನ್ನು ನೋಡಿದರೆ ಮಾತ್ರ ನಾವು ಮುಂದುವರಿದಿದ್ದೇವೆಯೋ ಹಿಂದೆ ಸರಿದಿದ್ದೇವೆಯೋ ಎಂಬ ಶಂಕೆ ಹುಟ್ಟುವುದು. ಮೃತರಿಗೆ ಪತ್ನಿ, ಮೂವರು ಪುತ್ರರು, ಇಬ್ಬರು ಪುತ್ರಿಯರು ಇರುವರು ಎಂದು ಬರೆದು ಕಳುಹಿಸುವರು. ಐವತ್ತು ವರುಷ ಜೊತೆಗಿದ್ದ ಪತ್ನಿಯ ಹೆಸರೇನೆಂದು ನಮ್ಮ ಕಚೇರಿಯವರು ವಿಚಾರಿಸಿದರೆ, ಅದು ಏತಕ್ಕೆ ಬೇಕೆಂದು ಮರುಪ್ರಶ್ನೆ ಬರುವುದುಂಟು.

ಏತಕ್ಕೆ ಬೇಕೆಂಬುದನ್ನು ಕಾಯಿದೆಯೇ ಹೇಳುತ್ತಿದೆ. ೧೯೩೩ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿತು. ೧೯೯೪ರಲ್ಲಿ ಕರ್ನಾಟಕ ರಾಜ್ಯವು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆ ಪಾಲು ಕೊಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ಆ ಹಕ್ಕು ಹುಟ್ಟಿನಿಂದಲೇ ಬಂದುದು, ೨೦೦೫ರಲ್ಲಿ ತಂದೆಯು ಜೀವಂತವಾಗಿರಬೇಕಾದ ಅಗತ್ಯವಿಲ್ಲ ಎಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಹೀಗಿರುವಲ್ಲಿ, ನಾಡಕಚೇರಿಗೆ ಒಪ್ಪಿಸುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆಯುವುದು ಮರೆವಲ್ಲ, ಅದು ಕಳವು. ನೆರೆಹೊರೆಯವರಿಬ್ಬರ ಸಹಿಯನ್ನು ನೋಡಿ ಮೊಹರು ಹಾಕುವ ಅಧಿಕಾರಿಗಳು, ಈ ಮನೆಯಲ್ಲಿ ಹೆಣ್ಣುಮಕ್ಕಳು ಹುಟ್ಟಲೇ ಇಲ್ಲವೆ ಎಂದು ಒಂದು ಮಾತು ಕೇಳಿದರೆ ಎಷ್ಟೋ ವ್ಯಾಜ್ಯಗಳು ಮೊಳಕೆಯಲ್ಲಿಯೇ ನಿಲ್ಲುವುವು. ನಮ್ಮ ವಾಚಕರಲ್ಲಿ ಅಂತಹ ಅಧಿಕಾರಿಗಳು ಅನೇಕರಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಇನ್ನು ಹುಡುಕುವ ಬಗೆ. ಮೊದಲನೆಯದು ಮನೆಯ ಅಟ್ಟ. ಶಾನುಭೋಗಿಕೆ, ಕುಲಕರ್ಣಿಕೆ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ೧೯೬೩ರಲ್ಲಿ ರದ್ದಾದುವು. ಆ ಮನೆಗಳಲ್ಲಿ ಉಳಿದ ಲೆಕ್ಕಪತ್ರಗಳನ್ನು ಕೇಳುವವರಿಲ್ಲವಾಯಿತು. ಹುಣಿಸೆಬೀಜದ ಸರಿಗೆ ಇದ್ದಿಲಪುಡಿ ಬೆರಸಿ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದ ಕಡತಗಳನ್ನು ಕರಿಯ ಚಿಂದಿಯೆಂದು ಎಸೆದವರುಂಟು. ಮುಂಬಯಿ ಕರ್ನಾಟಕದ ಕಾಗದಗಳು ಬಹುಮಟ್ಟಿಗೆ ಮೋಡಿ ಅಕ್ಷರದಲ್ಲಿರುವುವು. ಅದನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ, ಓದಲಾರದ ಕಾಗದವು ರದ್ದಿಯ ಅಂಗಡಿಗೆ ಹೋಗುವುದು. ೧೮೫೨ರ ಕಾಯಿದೆಯ ಮೇರೆಗೆ ಇನಾಮು ಕಮಿಷನ್ನಿನವರು ಧಾರವಾಡ ಬೆಳಗಾವಿಗಳ ಸೀಮೆಯಲ್ಲಿ ಸನದುಗಳನ್ನು ತೋರಿಸಿರೆಂದು ಕೇಳಿದಾಗ, ಮುತ್ತಜ್ಜನ ಕಾಗದವನ್ನು ಜೋಪಾನ ಮಾಡಿದವರ ಹೊಲ ಉಳಿಯಿತು, ಮಾಡದವರದು ಹೋಯಿತು. ಅಂದು ಅಷ್ಟು ಬೆಲೆ ಬಾಳಿದ ಕಾಗದವನ್ನು ಇಂದು ತೂಕದ ಮೇಲೆ ಮಾರುವುದನ್ನು ಕಂಡು ನಮಗೆ ಮರುಕವಾಗುವುದು. ಮನೆಯಲ್ಲಿ ಇಟ್ಟುಕೊಳ್ಳಲು ಸ್ಥಳವಿಲ್ಲದಿದ್ದರೆ ರಾಜ್ಯದ ಪತ್ರಾಗಾರ ಇಲಾಖೆಯನ್ನು ವಿಚಾರಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರವು ಸಹ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಾಗಿಯೇ ಮೈಸೂರಿನ ಪ್ರಾಚ್ಯ ಗ್ರಂಥಾಲಯವನ್ನು ಸೇರಿ, ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾಯಿತು.

ಅಟ್ಟವೂ ಇಲ್ಲದ, ಕಾಗದವೂ ಇಲ್ಲದ ಮನೆಗಳ ಮಾತೇನು? ಭೂಮಿಯಿಲ್ಲದವರ, ಜೀತಕ್ಕಿದ್ದವರ ಬಾಗಿಲಿಗೆ ವಂಶಾವಳಿಯನ್ನು ಹಾಡಲು ಯಾರು ಬಂದರು? ಅವರ ಹಿರಿಯರ ಹೆಸರು ಒಡೆಯರ ಸಾಲದ ಪುಸ್ತಕಗಳಲ್ಲಿ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಇರುವುದು. ೧೯೭೪ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಮೇರೆಗೆ ಗೇಣಿದಾರರು ಭೂನ್ಯಾಯಮಂಡಳಿಗಳಿಗೆ ಕೊಟ್ಟ ಏಳನೆಯ ನಮೂನೆಯ ಅರ್ಜಿಗಳು ಇನ್ನೊಂದು ದೊಡ್ಡ ನಿಧಿ. ಉಳುವವನು ತನ್ನ ಅಪ್ಪ, ಅಜ್ಜ ಎಂದಿನಿಂದ ಆ ಹೊಲವನ್ನು ಉಳುತ್ತ ಬಂದರೆಂದು ಅಧಿಕಾರಿಗಳ ಎದುರಿಗೆ ಹೇಳಿಕೊಂಡುದು ಅವುಗಳ ಕಡತಗಳಲ್ಲಿ ಸಿಕ್ಕುವುದು. ಶಾಲೆಯ ದಾಖಲಾತಿಯ ಪುಸ್ತಕವನ್ನೂ ನೋಡಬಹುದು. ಆದರೆ ಅಲ್ಲಿಯ ಜನ್ಮದಿನವನ್ನು ನಂಬಬಾರದು. ಹಳ್ಳಿಯ ಮೇಷ್ಟ್ರುಗಳ ಲೆಕ್ಕದಲ್ಲಿ ನಮ್ಮ ಹಿರಿಯರಲ್ಲಿ ಅರ್ಧ ಜನರು ಜೂನ್ ೧ನೆಯ ತಾರೀಖು ಹುಟ್ಟಿದವರು.

ಎಲ್ಲಕ್ಕಿಂತ ಬೇಗನೆ ಆಗಬೇಕಾದುದು ಮುದುಕರನ್ನು, ಅದರಲ್ಲಿಯೂ ಮುದುಕಿಯರನ್ನು ಕೇಳುವ ಕೆಲಸ. ಕಾಗದವು ಇನ್ನೊಂದು ಮಳೆಗಾಲವನ್ನು ತಾಳಿದರೂ ತಾಳೀತು. ಅವರನ್ನು ಇಸವಿಯ ಲೆಕ್ಕದಲ್ಲಿ ಕೇಳಿದರೆ ಏನೂ ದೊರೆಯದು. ಧಾತು, ಈಶ್ವರ ಸಂವತ್ಸರಗಳ ಬರ, ಪ್ಲೇಗಿಗಾಗಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ವರುಷ, ಇನ್‌ಫ್ಲುಯೆಂಜಾ ಬಂದ ವರುಷ ಎಂದು ಕೇಳಬೇಕು. ಮೊದಲನೆಯದು ೧೮೭೬-೭೮, ಎರಡನೆಯದು ಬೆಂಗಳೂರು ಹುಬ್ಬಳ್ಳಿಗಳಿಗೆ ಬಂದುದು ೧೮೯೮ರಲ್ಲಿ, ಮೂರನೆಯದು ೧೯೧೮. ಧಾತು ಈಶ್ವರದ ಬರವು ಸಾಮಾನ್ಯವಾದುದಲ್ಲ. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಎಷ್ಟೋ ವಂಶಾವಳಿಗಳಲ್ಲಿ ಒಂದು ತಲೆಯ ಅಣ್ಣತಮ್ಮಂದಿರೆಲ್ಲ ಒಮ್ಮೆಗೇ ಕಾಣೆಯಾಗುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಹಳೆಯ ಕಾಗದಗಳಲ್ಲಿ ಸಂವತ್ಸರದ ಹೆಸರು ಮಾತ್ರವಿದ್ದರೆ ಎಚ್ಚರವಿರಲಿ: ಧಾತುವು ೧೮೭೬ರಲ್ಲಿ ಬಂದಂತೆ ೧೯೩೬ರಲ್ಲಿಯೂ ೧೯೯೬ರಲ್ಲಿಯೂ ಬಂದಿದೆ. ಶಕವರ್ಷವನ್ನು ನೋಡದಿದ್ದರೆ ಮುತ್ತಜ್ಜನನ್ನು ಮೊಮ್ಮಗನೆಂದು ತಿಳಿಯುವ ಸಂಭವವುಂಟು.

ಅಜ್ಜಿಯು ಹೇಳುವುದರಲ್ಲಿ ಮನೆಯವರಿಗೆ ಹಿತವಲ್ಲದ ಸಂಗತಿಗಳೂ ಬಂದೇ ಬರುವುವು. ಮಾವನು ಜೂಜಿನಲ್ಲಿ ಹೊಲ ಕಳೆದುದು, ಎಳೆಯ ವಿಧವೆಯೊಬ್ಬಳನ್ನು ತವರಿಗೆ ಅಟ್ಟಿದುದು, ಬರದಲ್ಲಿ ಪಕ್ಕದ ಮನೆಯವರ ಗದ್ದೆಯನ್ನು ನಾಲ್ಕು ಪಲ್ಲ ಜೋಳಕ್ಕೆ ಬರೆಯಿಸಿಕೊಂಡುದು, ಇವೆಲ್ಲ. ಆಗ ಮಕ್ಕಳು, ಅದೆಲ್ಲ ಈಗೇಕಮ್ಮ ಎಂದು ಬಾಯಿ ಮುಚ್ಚಿಸುವರು. ಮುಚ್ಚಿಸದೆ ಬರೆದುಕೊಳ್ಳಬೇಕು, ಹೇಳಿದವರ ಹೆಸರನ್ನೂ ಹೇಳಿದ ದಿನವನ್ನೂ ಕೆಳಗೆ ನಮೂದಿಸಬೇಕು. ಜೇಬಿನಲ್ಲಿರುವ ಫೋನಿನಲ್ಲಿಯೇ ಅವರ ದನಿಯನ್ನು ಹಿಡಿದಿಡುವ ಸೌಕರ್ಯವು ಈಗ ಬಡವರಿಗೂ ಉಂಟು.

ಈ ಸುಗ್ಗಿಯ ಮೇಲೆ ಹೆಳವನು ಬಾಗಿಲಿಗೆ ಬಂದರೆ ಅವನನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ, ಅವನ ಪುಸ್ತಕದಲ್ಲಿರುವುದನ್ನು ಅವನ ಒಪ್ಪಿಗೆಯಿಂದ ಪೂರ್ತಿಯಾಗಿ ನಕಲು ಮಾಡಿಕೊಳ್ಳತಕ್ಕದ್ದು. ಹೊರಡುವಾಗ ಎಂದಿನ ಕಾಳಿಗಿಂತ ಒಂದು ಸೇರು ಹೆಚ್ಚಾಗಿಯೇ ಅಳೆದು ಕೊಟ್ಟು, ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನೂ, ಸೊಸೆಯಂದಿರ ಹೆಸರುಗಳನ್ನೂ, ಅವರವರ ತವರೂರುಗಳನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೋಗುವಂತೆ ಅವನನ್ನು ಕೇಳಬೇಕು.