ಲೇಬಲ್ ಬರೆಸುವಾಗ ಲಗಾಮು ಯಾರ ಕೈಲಿ?

ಜೋನಿಬೆಲ್ಲ ಕಾಯಿಸಲು ನಮಗೆ ಬರುತ್ತದೆ. ಹಲಸಿನ ಹಪ್ಪಳ ಮಾಡಲು, ಸುಕೇಳಿ ಒಣಗಿಸಲು ಬರುತ್ತದೆ. ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ. ಡಬ್ಬಿಗೆ ಅಂಟಿಸುವ ಲೇಬಲ್, ಮೇಳದಲ್ಲಿ ಹಂಚುವ ಕರಪತ್ರ, ವಾಟ್ಸಾಪಿನಲ್ಲಿ ಕಳಿಸುವ ವಿವರ, ಗಿರಾಕಿಗಳ ಪ್ರಶ್ನೆಗೆ ಉತ್ತರ, ಇವನ್ನೆಲ್ಲ ನಾವೇ ಬರೆಯುತ್ತ ಕೂತರೆ ಗದ್ದೆ ಕೆಲಸ ಯಾರು ಮಾಡೋದು? ದುಡ್ಡು ಕೊಟ್ಟು ಬರೆಸುವುದರಲ್ಲಿ ತಪ್ಪೇನಿಲ್ಲ. ಕೊಯ್ಲಿಗೆ ಆಳು ಕರೆದ ಹಾಗೆಯೇ ಇದೂ. ಆದರೆ ಯಾವ ಗದ್ದೆ ಮೊದಲು ಕೊಯ್ಯಬೇಕು ಎಂದು ಹೇಳುವವನು ಗದ್ದೆಯ ಯಜಮಾನನೇ ಆಗಿರಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ನಾವು ಎಂಟು ಮನೆಯವರು ಸೇರಿ ನಮ್ಮ ಮಾಲನ್ನು ನೇರವಾಗಿ ಮಾರುತ್ತೇವೆ. ಜೋನಿ ಸಿದ್ದಾಪುರದ್ದು, ಸುಕೇಳಿ ಯಲ್ಲಾಪುರದ್ದು. ನನ್ನದು ಶಿರಸಿ ತಾಲೂಕಿನ ಮೂಡಲ ಅಂಚು. ಮಳೆ ನಂಬಿದ ಭತ್ತ, ಗೋವಿನಜೋಳದ ಸೀಮೆ. ನಾನು ಕೊಡುವುದು ಕೆಂಪಕ್ಕಿ. ಓದಿದ್ದು ಏಳನೇ ಇಯತ್ತೆ, ಆದರೂ ಬರೆಸುವ ಉಸ್ತುವಾರಿ ನನ್ನ ತಲೆಗೇ ಬಂತು. ಯಾವ ಕಾಗದ ಕೊಟ್ಟರೂ ಎರಡು ಸಲ ಓದದೆ ಬಿಡುವುದಿಲ್ಲ ಎಂಬುದೇ ಕಾರಣವಂತೆ.

ಬರೆದುಕೊಡುವವಳು ನಮ್ಮ ಕಡೆಯದೇ ಹುಡುಗಿ, ಹುಬ್ಬಳ್ಳಿಯಲ್ಲಿದ್ದಾಳೆ. ಚುರುಕು. ಮೊದಲ ಸಲ ಜೋನಿಗೆ ಬರೆದು ಕಳಿಸಿದ್ದನ್ನು ನಾನು ಆಲೆಮನೆಯಲ್ಲೇ ಗಟ್ಟಿಯಾಗಿ ಓದಿದೆ. 'ಏನನ್ನೂ ಸೇರಿಸದೆ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಪರಿಶುದ್ಧ ಅಮೃತ. ಸಕ್ಕರೆ ಕಾಯಿಲೆಯವರೂ ನಿಶ್ಚಿಂತೆಯಿಂದ ಸವಿಯಬಹುದು.' ಕೊಪ್ಪರಿಗೆ ಹತ್ತಿರ ನಿಂತಿದ್ದ ಸಿದ್ದಾಪುರದ ಅತ್ತಿಗೆ ಸೌಟು ಕೆಳಗಿಟ್ಟರು. 'ಸುಣ್ಣ ಹಾಕ್ತೀವಲ್ಲ, ಅದು ಏನೂ ಅಲ್ವಾ? ಈ ಕೊಪ್ಪರಿಗೆ ಹಿತ್ತಾಳೆದಾ?' ಎಂದರು. ಕೊಪ್ಪರಿಗೆ ಕಬ್ಬಿಣದ್ದು. ಎರಡು ಸಾಲಿನಲ್ಲಿ ಮೂರು ಸುಳ್ಳು, ಒಂದೂ ನಮ್ಮ ಬಾಯಿಂದ ಬಂದದ್ದಲ್ಲ.

ಹುಡುಗಿಗೆ ಫೋನು ಹಚ್ಚಿದೆ. 'ಕಾಕಾ, ಎಲ್ಲರೂ ಹೀಗೇ ಬರೀತಾರೆ, ಹೀಗೆ ಬರೆದರೇ ಜನ ತಗೊಳ್ಳೋದು' ಎಂದಳು. ಅವಳ ತಪ್ಪೆನ್ನಲು ಬರುವುದಿಲ್ಲ. ಅವಳು ಆಲೆಮನೆ ನೋಡಿದವಳಲ್ಲ. ನೋಡದ್ದನ್ನು ಬರೆಯುವವರು ಬೇರೆಯವರು ಬರೆದದ್ದನ್ನೇ ನೋಡಿ ಬರೆಯುತ್ತಾರೆ. ಈಗಂತೂ ಕಂಪ್ಯೂಟರಿಗೆ ಹೇಳಿದರೆ ಅದೇ ಕ್ಷಣದಲ್ಲಿ ಬರೆದುಕೊಡುತ್ತದೆ. ಅದೂ ಆಲೆಮನೆ ನೋಡಿದ್ದಲ್ಲ.

ಹೆಸರು ಯಾರದೋ ಹೊಣೆ ಅವರದು

ಸಕ್ಕರೆ ಕಾಯಿಲೆಯ ಮಾತು ಬರೀ ಬಣ್ಣದ ಮಾತಲ್ಲ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ಅದನ್ನು ನಂಬಿ ಯಾರಾದರೂ ದಿನಾ ದೋಸೆಗೆ ಸುರಿದುಕೊಂಡು ತಿಂದರೆ? ಕಾನೂನೂ ಸುಮ್ಮನಿಲ್ಲ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ, ತಡೆಯುತ್ತದೆ ಎಂದು ಹೇಳಿಕೊಳ್ಳುವುದನ್ನು 2018ರ ಜಾಹೀರಾತು ನಿಯಮಗಳು ತಡೆದಿವೆ. 'ನೈಸರ್ಗಿಕ', 'ಶುದ್ಧ', 'ಸಾಂಪ್ರದಾಯಿಕ' ಎಂಬ ಮಾತುಗಳಿಗೂ ಅದರಲ್ಲಿ ಷರತ್ತುಗಳಿವೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಉಂಟು. ನೋಟೀಸು ಬಂದರೆ ಹುಬ್ಬಳ್ಳಿಗೆ ಹೋಗುವುದಿಲ್ಲ, ಡಬ್ಬಿಯ ಮೇಲೆ ಯಾರ ವಿಳಾಸ ಇದೆಯೋ ಅವರ ಮನೆಗೇ ಬರುತ್ತದೆ.

ಅದಕ್ಕೇ ಲೇಬಲಿನಲ್ಲಿ ಎರಡು ಭಾಗ ಮಾಡಿಕೊಂಡೆವು. ಒಂದು ಹೊರಗೆ ಬರೆಸದ ಭಾಗ: ಪದಾರ್ಥದ ಹೆಸರು, ಏನೇನು ಸೇರಿದೆ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ವಿಳಾಸ, 14 ಅಂಕಿಯ ಆಹಾರ ಲೈಸೆನ್ಸ್ ನಂಬರು. ಇದನ್ನು ನಾವೇ ಬರೆದುಕೊಡುತ್ತೇವೆ, ಒಂದಕ್ಷರ ತಿದ್ದುವಂತಿಲ್ಲ. ಉಳಿದ ವರ್ಣನೆ, ತಿನ್ನುವ ಬಗೆ, ಊರಿನ ಪರಿಚಯ ಅವಳ ಪಾಲು. ಅಲ್ಲಿ ಅವಳ ಕೈ ಚೆನ್ನಾಗಿ ಓಡುತ್ತದೆ. ತೊಡದೇವಿನ ಬಗ್ಗೆ ಅವಳು ಬರೆದದ್ದನ್ನು ಓದಿ ನನಗೇ ಬಾಯಲ್ಲಿ ನೀರು ಬಂತು.

ಇನ್ನೊಂದು ಉಪಾಯ, ನೂರು ಪುಟದ ಒಂದು ನೋಟುಪುಸ್ತಕ. ಪ್ರತಿ ಮಾಲಿಗೆ ನಾಲ್ಕೈದು ಪುಟ. ಕಬ್ಬು ಯಾರ ಗದ್ದೆಯದು, ಯಾವ ದಿನ ಕಡಿದದ್ದು, ಸುಣ್ಣ ಯಾಕೆ, ಎಷ್ಟು ಹಾಕಿದೆವು, ಹದ ನೋಡಿದ್ದು ಹೇಗೆ, ಹಪ್ಪಳದ ಹಿಟ್ಟಿಗೆ ಏನೇನು ಬಿತ್ತು. ಮಾಡುವವರ ಮಾತಿನಲ್ಲೇ ಬರೆದಿಡುವುದು. ಪುಟದ ಫೋಟೋ ತೆಗೆದು ಅವಳಿಗೆ ಕಳಿಸುತ್ತೇವೆ. ಪುಸ್ತಕದಲ್ಲಿ ಇಲ್ಲದ ಸಂಗತಿ ಬರಹದಲ್ಲಿ ಬಂದರೆ ಹೊಡೆದು ಹಾಕುವುದೇ. ನನ್ನ ಕೆಂಪಕ್ಕಿಯನ್ನು ಅವಳು ಒಮ್ಮೆ 'ದಟ್ಟ ಕಾಡಿನ ತೋಟದ ಅಕ್ಕಿ' ಮಾಡಿದ್ದಳು. ತೋಟದಲ್ಲಿ ಅಕ್ಕಿ ಬೆಳೆಯುವುದನ್ನು ನಾನಂತೂ ನೋಡಿಲ್ಲ! ನಮ್ಮ ಕಡೆ ದಟ್ಟ ಕಾಡೂ ಇಲ್ಲ. ಮಳೆ ಕೈಕೊಟ್ಟರೆ ಭತ್ತ ಜೊಳ್ಳಾಗುವ ಗದ್ದೆ ಅದು. 'ಮಳೆಯಾಶ್ರಿತ ಗದ್ದೆಯ ಅಕ್ಕಿ' ಎಂದು ತಿದ್ದಿಸಿದೆ.

ಅಚ್ಚಿಗೆ ಹೋಗುವ ಮುಂಚೆ ಮಾಲು ಮಾಡಿದವರೆದುರು ಗಟ್ಟಿಯಾಗಿ ಓದುವುದು ಈಗಲೂ ತಪ್ಪಿಲ್ಲ. ಕಣ್ಣಿಗೆ ಬೀಳದ್ದು ಕಿವಿಗೆ ಬೀಳುತ್ತದೆ. ಆಮೇಲೆ ಪ್ರೂಫಿನ ಮೇಲೆ ಇಬ್ಬರ ಸಹಿ. ಸಹಿ ಇಲ್ಲದ್ದನ್ನು ಅಚ್ಚು ಹಾಕಿದರೆ ಹಣ ಕೊಡುವುದಿಲ್ಲ ಎಂದು ಪ್ರೆಸ್ಸಿನವರಿಗೂ ಹೇಳಿಟ್ಟಿದ್ದೇವೆ.

ದುಡ್ಡು ಕೊಟ್ಟರೂ ಬರಹ ನಮ್ಮದಲ್ಲ

ಇದು ಬಹಳ ಜನರಿಗೆ ಗೊತ್ತಿಲ್ಲ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದರೆ ಅದು ಸಾಮಾನ್ಯವಾಗಿ ಧಣಿಯದು. ಆದರೆ ಹೊರಗಿನವರಿಂದ ಬಿಡಿಯಾಗಿ ಬರೆಸಿದರೆ, 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದವರೇ ಅದರ ಒಡೆಯರು. ಹಣ ಕೊಟ್ಟ ಮಾತ್ರಕ್ಕೆ ನಮ್ಮದಾಗದು. ಬರವಣಿಗೆಯಲ್ಲಿ, ಸಹಿ ಮಾಡಿ ಬಿಟ್ಟುಕೊಡಬೇಕು. ಆ ಪತ್ರದಲ್ಲಿ ಎಷ್ಟು ವರ್ಷ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಲೆಕ್ಕ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ. ಹಣ ಕೊಟ್ಟು ತೆಗೆಸಿದ ಫೋಟೋದ ವಿಷಯ ಬೇರೆ. ಬೇರೆ ಕರಾರು ಇಲ್ಲದಿದ್ದರೆ ಅದು ತೆಗೆಸಿದವರದು.

ನಮ್ಮ ಪತ್ರ ಒಂದೇ ಪುಟ, ಕನ್ನಡದಲ್ಲಿ. ಯಾವ ಯಾವ ಬರಹ, ಲೇಬಲ್ ಒಂದಕ್ಕೆ 600 ರೂಪಾಯಿ, ಕರಪತ್ರಕ್ಕೆ 1,500, ಎರಡು ಸಲ ತಿದ್ದಿಕೊಡುವುದು ಅದರಲ್ಲೇ ಸೇರಿದ್ದು, ಅರ್ಧ ಮುಂಗಡ, ಸಹಿ ಬಿದ್ದ ಮೇಲೆ ಉಳಿದರ್ಧ. ಹಕ್ಕು ಪೂರ್ಣಾವಧಿಗೆ, ಎಲ್ಲ ಕಡೆಗೆ ನಮಗೆ. ಇದೇ ಸಾಲುಗಳನ್ನು ಬೇರೆ ಬೆಲ್ಲದವರಿಗೆ ಕೊಡಬಾರದು. ಹುಡುಗಿ ಬೇಸರಿಸಲಿಲ್ಲ. 'ತಿದ್ದೋದು ಎರಡೇ ಸಲ ಅಂತ ಬರೆದದ್ದು ಒಳ್ಳೆದಾಯ್ತು ಕಾಕಾ, ಕೆಲವರು ಹತ್ತು ಸಲ ತಿದ್ದಿಸ್ತಾರೆ' ಎಂದಳು.

ಬರಹಕ್ಕಿಂತ ಹೆಚ್ಚು ಕಾಯಬೇಕಾದ್ದು ಬೀಗದ ಕೈ. ಆರ್ಡರು ಬರುವ ಫೋನಿನ ಸಿಮ್ ನಮ್ಮವರ ಹೆಸರಲ್ಲಿ, ಪಾಸ್‌ವರ್ಡ್ ನಮ್ಮ ಕೈಲಿ, ಲೇಬಲಿನ ಮೂಲ ಫೈಲು ನಮ್ಮ ಪೆನ್‌ಡ್ರೈವಿನಲ್ಲಿ ಇರಲಿ. ನಮಗೆ ಗೊತ್ತಿರುವ ಒಂದು ಗುಂಪಿನವರು ಎಲ್ಲವನ್ನೂ ಬರೆದುಕೊಡುವವನ ನಂಬರಿಗೇ ಒಪ್ಪಿಸಿದ್ದರು. ಲೆಕ್ಕದ ತಕರಾರಾಗಿ ಅವನು ಬಿಟ್ಟುಹೋದ. ಗಿರಾಕಿಗಳ ಪಟ್ಟಿಯೂ ಅವನೊಡನೆ ಹೋಯಿತು. ಮಾಲು ಇತ್ತು, ಕೇಳುವವರು ಯಾರು ಎಲ್ಲಿದ್ದಾರೆ ಎಂದೇ ಗೊತ್ತಿರಲಿಲ್ಲ.

ಊರಿನ ಹೆಸರು ಬಳಸುವಾಗಲೂ ಬರೆಯುವವರನ್ನು ಎಚ್ಚರಿಸಬೇಕು. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ, ಸಿಕ್ಕಿದೆ. ಅದಕ್ಕಾಗಿ ಅರ್ಜಿ ಹಾಕಿದ್ದು 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್ಎಸ್. ಆ ಹೆಸರು ಸಲ್ಲುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿನ ಅಡಿಕೆಗೆ. ಹೊರಗಿನ ಅಡಿಕೆಗೆ ಚೆಂದ ಕಂಡಿತೆಂದು ಆ ಹೆಸರು ಅಂಟಿಸುವಂತಿಲ್ಲ. ಅಪ್ಪೆಮಿಡಿಗೂ ಇಂಥ ಗುರುತಿದೆ. ಊರವರೆಲ್ಲ ಸೇರಿ ಕಾದ ಹೆಸರನ್ನು ಬಾಡಿಗೆ ಪೆನ್ನು ಹಾಳು ಮಾಡಬಾರದಲ್ಲ.

ಈಗ ನಮ್ಮ ಜೋನಿ ಡಬ್ಬಿಯ ಮೇಲೆ 'ಕಬ್ಬಿನ ಹಾಲು, ಸುಣ್ಣ' ಎಂದೇ ಇದೆ. ಹೀಗೆ ಹಾಕಿದರೆ ಯಾರೂ ಕೊಳ್ಳುವುದಿಲ್ಲ ಎಂದು ನಮ್ಮಲ್ಲೇ ಇಬ್ಬರು ಹೆದರಿದ್ದರು. ಬೆಂಗಳೂರಿನ ಗಿರಾಕಿಯೊಬ್ಬರು ಸುಣ್ಣ ಯಾಕೆ ಎಂದು ಕೇಳಿಯೂ ಬಿಟ್ಟರು. ನೋಟುಪುಸ್ತಕದಲ್ಲಿ ಅತ್ತಿಗೆ ಹೇಳಿದ್ದು ಇತ್ತು: ಹಾಲಿನ ಹುಳಿ ಮುರಿಯುತ್ತದೆ, ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಹಾಕಬಹುದು. ಹುಡುಗಿ ಅದನ್ನೇ ಐದು ಸಾಲಿನಲ್ಲಿ ಚೊಕ್ಕವಾಗಿ ಬರೆದು ಕಳಿಸಿದಳು. ಅವರು ಎರಡು ಡಬ್ಬಿ ತರಿಸಿಕೊಂಡರು. ಮುಂದಿನ ಆಲೆ ಯಾವಾಗ, ನೋಡಲು ಬರಬಹುದೇ ಎಂದು ಕೇಳಿದ್ದಾರೆ. ಬರೆಯುವ ಹುಡುಗಿಯನ್ನೂ ಅದೇ ದಿನ ಕರೆದಿದ್ದೇವೆ.