ನಿಕ್ಕೋ ಬೆಟ್ಟದಲ್ಲಿ ಒಂದು ದಿನ

ಜಪಾನಿನ ರಾಜಧಾನಿ ಟೋಕಿಯೊದಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರು ದೂರದ ಬೆಟ್ಟಸೀಮೆಯಲ್ಲಿ ನಿಕ್ಕೋ ಎಂಬ ಊರಿದೆ. ಅಸಾಕುಸಾ ನಿಲ್ದಾಣದಿಂದ ವೇಗದ ರೈಲು ಹಿಡಿದರೆ ಸುಮಾರು ಎರಡು ಗಂಟೆಯ ಪ್ರಯಾಣ. ನಾಲ್ಕಾರು ಮಂದಿ ಸೇರಿ ಒಂದು ದಿನದ ಮಟ್ಟಿಗೆ ಕಾರನ್ನೂ ಮಾರ್ಗದರ್ಶಿಯನ್ನೂ ಗೊತ್ತುಮಾಡಿಕೊಂಡು ಹೋಗುವವರೂ ಉಂಟು. ಹೀಗೆ ಹೋಗುವವರಿಗೆ ಒಂದು ಅನುಕೂಲವಿದೆ. ಬೇಕೆನಿಸಿದ ಕಡೆ ಹೆಚ್ಚು ಹೊತ್ತು ನಿಲ್ಲಬಹುದು. ಸಾಮಾನ್ಯವಾಗಿ ಎಲ್ಲರೂ ಚಿನ್ನದ ಹೊಳಪಿನ ಯೋಮೆಯ್‌ಮೋನ್ ದ್ವಾರ, ಕಿವಿ, ಬಾಯಿ, ಕಣ್ಣು ಮುಚ್ಚಿಕೊಂಡ ಮೂರು ಕೋತಿಗಳು, ಮಲಗಿರುವ ಬೆಕ್ಕು, ಇಷ್ಟನ್ನು ನೋಡಿ ಹಿಂದಿರುಗುತ್ತಾರೆ. ನೀವು ಹೋದರೆ ಇನ್ನೆರಡು ಕಡೆ ನಿಲ್ಲಿ. ಒಂದು ಕಡೆ ಬಗ್ಗಿ ನೋಡಬೇಕು, ಇನ್ನೊಂದು ಕಡೆ ಕಿವಿಗೊಟ್ಟು ಕೇಳಬೇಕು.

ಮೊದಲು ಸ್ವಲ್ಪ ಇತಿಹಾಸ. ಕ್ರಿ.ಶ. 766ರಲ್ಲಿ ಶೋದೋ ಎಂಬ ಬೌದ್ಧ ಭಿಕ್ಷು ಇಲ್ಲಿ ಮೊದಲ ವಿಹಾರವನ್ನು ಕಟ್ಟಿದ. ಹತ್ತಿರದಲ್ಲೇ 2,486 ಮೀಟರು ಎತ್ತರದ ನಾಂತಾಯ್ ಪರ್ವತವಿದೆ. ಶಿಂತೋ ಮತದವರಿಗೆ ಆ ಪರ್ವತವೇ ದೇವರು. ಬುದ್ಧನೂ ಬೆಟ್ಟದ ದೇವರೂ ಇಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಒಟ್ಟಿಗೆ ಪೂಜೆ ಪಡೆದರು. ದೇಶವನ್ನು ಒಂದು ಆಡಳಿತಕ್ಕೆ ತಂದ ತೊಕುಗಾವಾ ಇಯೆಯಾಸು 1616ರಲ್ಲಿ ತೀರಿಕೊಂಡ. ಮರುವರ್ಷ ಅವನನ್ನು ಇಲ್ಲಿ ದೇವರೆಂದು ಪ್ರತಿಷ್ಠಾಪಿಸಿದರು. ಈಗ ಕಾಣುವ ತೋಶೋಗೂ ದೇಗುಲದ ಬಹುಭಾಗವನ್ನು ಅವನ ಮೊಮ್ಮಗ ಇಯೆಮಿತ್ಸು 1636ರ ವೇಳೆಗೆ ಕಟ್ಟಿಸಿದ. ಅಷ್ಟು ದೊಡ್ಡ ಕೆಲಸಕ್ಕೆ ಹಿಡಿದದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ ಎಂದರೆ ನಂಬುವುದು ಕಷ್ಟ.

1868ರಲ್ಲಿ ಹೊಸ ಸರ್ಕಾರ ಶಿಂತೋ ಬೇರೆ, ಬೌದ್ಧ ಬೇರೆ ಎಂದು ಆಜ್ಞೆ ಹೊರಡಿಸಿತು. ಒಂದೇ ಆಗಿದ್ದ ಬೆಟ್ಟ ಎರಡು ಶಿಂತೋ ದೇಗುಲ, ಒಂದು ಬೌದ್ಧ ದೇವಾಲಯ ಎಂದು ಮೂರು ಪಾಲಾಯಿತು. ಬುದ್ಧರ ದೊಡ್ಡ ಮಂದಿರವೊಂದನ್ನು ಬಿಚ್ಚಿ ಬೇರೆ ಜಾಗಕ್ಕೆ ಒಯ್ದು ಮತ್ತೆ ಜೋಡಿಸಿದರು. ಆದರೂ ಶಿಂತೋ ದೇಗುಲದ ಆವರಣದಲ್ಲೇ ಕೆಲವು ಬೌದ್ಧ ಕಟ್ಟಡಗಳು ಉಳಿದುಕೊಂಡವು. ನಿಲ್ಲಿ ಎಂದು ನಾನು ಹೇಳಿದ್ದು ಇವುಗಳಲ್ಲಿ ಎರಡರ ಬಳಿಯೇ.

ಮೊದಲನೆಯದು, ಪ್ರವೇಶದ ಎಡಕ್ಕೆ ಕಾಣುವ ಐದು ಅಂತಸ್ತಿನ ಪಗೋಡ. ಎತ್ತರ ಸುಮಾರು 36 ಮೀಟರು. ಮೊದಲಿದ್ದದ್ದು 1815ರಲ್ಲಿ ಸುಟ್ಟುಹೋಗಿ, ಈಗಿನದನ್ನು 1818ರಲ್ಲಿ ಕಟ್ಟಿದರು. ಇದರ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ದಪ್ಪ ಕಂಬವಿದೆ. ಇಡೀ ಪಗೋಡವನ್ನು ಇದೇ ಹೊತ್ತಿದೆ ಎಂದುಕೊಳ್ಳುತ್ತೀರಲ್ಲವೆ? ನೆಲ ಅಂತಸ್ತನ್ನು ತೆರೆದ ದಿನ ಬಗ್ಗಿ ನೋಡಿ. ಕಂಬದ ಬುಡ ಅಡಿಗಲ್ಲನ್ನು ಮುಟ್ಟಿಯೇ ಇಲ್ಲ. ನಡುವೆ ಸುಮಾರು 10 ಸೆಂಟಿಮೀಟರು ತೆರಪು. ಕಂಬವನ್ನು ನಾಲ್ಕನೆಯ ಅಂತಸ್ತಿನಿಂದ ಸರಪಳಿಯಲ್ಲಿ ತೂಗುಹಾಕಿದ್ದಾರೆ!

ಕಾರಣ ಸರಳ. ಒಣಗಿದಂತೆಲ್ಲ ಮರ ಕುಗ್ಗುತ್ತದೆ, ಆದರೆ ಎಲ್ಲ ಕಡೆಗೂ ಸಮನಾಗಿ ಅಲ್ಲ. ನಾರಿಗೆ ಅಡ್ಡಲಾಗಿ ಹೆಚ್ಚು, ನಾರಿನ ಉದ್ದಕ್ಕೆ ಬಹಳ ಕಡಿಮೆ. ಪಗೋಡದ ಅಂತಸ್ತುಗಳಲ್ಲಿ ತೊಲೆಗಳನ್ನು ಅಡ್ಡಡ್ಡಲಾಗಿ ಪೇರಿಸಿರುತ್ತಾರೆ. ವರ್ಷಗಳು ಕಳೆದಂತೆ, ಭಾರವೂ ಸೇರಿ, ಅವು ಕುಗ್ಗಿ ಕಟ್ಟಡ ಸ್ವಲ್ಪ ಸ್ವಲ್ಪವೇ ಗಿಡ್ಡವಾಗುತ್ತದೆ. ನೆಟ್ಟಗೆ ನಿಂತ ಕಂಬದ ಉದ್ದ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದು ನೆಲದ ಮೇಲೆ ನಿಂತಿದ್ದರೆ ಛಾವಣಿ ಕೆಳಗಿಳಿದು, ಕಂಬದ ತುದಿ ಅದನ್ನು ಎತ್ತಿಬಿಡುತ್ತಿತ್ತು. ತೂಗುಹಾಕಿದ್ದರಿಂದ ಕಟ್ಟಡದ ಜೊತೆಗೇ ಕಂಬವೂ ಇಳಿಯುತ್ತದೆ. ಭೂಕಂಪದಲ್ಲಿ ಇಂಥ ಕಂಬ ಎಷ್ಟು ನೆರವಾಗುತ್ತದೆ ಎಂಬ ಬಗ್ಗೆ ಎಂಜಿನಿಯರುಗಳಲ್ಲಿ ಚರ್ಚೆ ಇದ್ದೇ ಇದೆ. ಅದೇನೇ ಇರಲಿ, 2012ರಲ್ಲಿ ತೆರೆದ 634 ಮೀಟರಿನ ಟೋಕಿಯೊ ಸ್ಕೈಟ್ರೀ ಗೋಪುರದ ನಡುಗಂಬಕ್ಕೂ ಪಗೋಡದ ಕಂಬದ ಹೆಸರನ್ನೇ ಇಟ್ಟಿದ್ದಾರೆ: ಶಿಂಬಶಿರಾ. ಅಲ್ಲಿ ಅದು ಕಾಂಕ್ರೀಟಿನದು, ನೆಲದ ಮೇಲೇ ನಿಂತಿದೆ.

ಪಗೋಡದಿಂದ ಮುಂದೆ ಉಗ್ರಾಣದ ಕಟ್ಟಡದ ಮೇಲೆ ಎರಡು ಆನೆಗಳನ್ನು ಕೆತ್ತಿದ್ದಾರೆ. ನಕ್ಷೆ ಬರೆದ ಕಲಾವಿದ ಆನೆಯನ್ನು ಕಂಡವನೇ ಅಲ್ಲವಂತೆ. ಕಿವಿಯನ್ನೂ ಬಾಲವನ್ನೂ ನೋಡಿದರೆ ದಸರಾ ಆನೆ ಕಂಡ ನಿಮಗೆ ನಗು ಬಂದೀತು. ಮೆಟ್ಟಿಲ ಮೇಲಿನ ಯೋಮೆಯ್‌ಮೋನ್ ದ್ವಾರದಲ್ಲಿ 500ಕ್ಕೂ ಹೆಚ್ಚು ಕೆತ್ತನೆಗಳಿವೆ. ಅದರ ಒಂದು ಕಂಬದ ಚಿತ್ತಾರವನ್ನು ಬೇಕೆಂದೇ ತಲೆಕೆಳಗಾಗಿ ಮಾಡಿದ್ದಾರೆ. ಪೂರ್ತಿಯಾದ ಕಟ್ಟಡ ಅಂದಿನಿಂದಲೇ ಕೆಡತೊಡಗುತ್ತದೆ, ಆದ್ದರಿಂದ ಚೂರು ಬಾಕಿ ಇರಲಿ ಎಂಬ ನಂಬಿಕೆ!

ಈ ದ್ವಾರದ ಎಡಗಡೆಗೆ ಹೋಂಜಿದೋ ಮಂದಿರ. ಒಳಗಿರುವವನು ಯಾಕುಶಿ, ಅಂದರೆ ಸಂಸ್ಕೃತದ ಭೈಷಜ್ಯಗುರು, ರೋಗ ಕಳೆಯುವ ಬುದ್ಧ. ಮೇಲೆ ಹಲಗೆಯ ಛಾವಣಿಯ ತುಂಬ ಒಂದು ಡ್ರ್ಯಾಗನ್ ಚಿತ್ರ. ಅದರ ತಲೆಯ ನೇರ ಕೆಳಗೆ ನಿಂತು ಮಂದಿರದವರು ಎರಡು ಮರದ ತುಂಡುಗಳನ್ನು ಟಪ್ಪನೆ ತಾಡಿಸುತ್ತಾರೆ. ಕೂಡಲೆ ಮೇಲಿನಿಂದ ಗಿಲಿಗಿಲಿ ಎಂದು ಕಿರುಗೆಜ್ಜೆ ಅಲುಗಿಸಿದಂಥ ಸದ್ದು ಇಳಿದು ಬರುತ್ತದೆ. ಜನ ಇದನ್ನು ‘ನಕಿರ್ಯೂ’, ಅಳುವ ಡ್ರ್ಯಾಗನ್, ಎನ್ನುತ್ತಾರೆ. ಒಂದೆರಡು ಹೆಜ್ಜೆ ಸರಿದು ಬೇರೆ ಕಡೆ ತಾಡಿಸಿದರೆ ಬರೀ ಟಪ್ ಅಷ್ಟೆ.

ಇದರ ಲೆಕ್ಕ ನಿಮಗೆ ಗೊತ್ತಿರುವುದೇ. ಶಬ್ದದ ವೇಗ ಸೆಕೆಂಡಿಗೆ 340 ಮೀಟರು. ಛಾವಣಿ ನೆಲದಿಂದ 6.8 ಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ (ಲೆಕ್ಕಕ್ಕೆ ಸುಲಭವಾಗಲೆಂದು ಈ ಸಂಖ್ಯೆ). ಸದ್ದು ಒಮ್ಮೆ ಹೋಗಿ ಬರಲು 13.6 ಮೀಟರು, ಅಂದರೆ ಸೆಕೆಂಡಿನ 25ನೇ ಒಂದು ಭಾಗ. ಎದುರುಬದುರು ಇರುವ ಗಟ್ಟಿ ನೆಲ ಮತ್ತು ಛಾವಣಿಯ ನಡುವೆ ಅದು ಚೆಂಡಿನಂತೆ ಪುಟಿಯುತ್ತ ಸೆಕೆಂಡಿಗೆ 25 ಸಲ ಮೇಲಿನಿಂದ ನಿಮ್ಮ ಕಿವಿಗೆ ಇಳಿದು ಬರುತ್ತದೆ. ಒಂದೊಂದಾಗಿ ಎಣಿಸಲು ಬಾರದಷ್ಟು ಬೇಗ, ಒಂದೇ ಸದ್ದಾಗಿ ಬೆರೆತುಹೋಗದಷ್ಟು ನಿಧಾನ. ಹೀಗಾಗಿ ಕಿವಿಗೆ ಅದು ನಡುಗುವ ದನಿ. (ನಮ್ಮ ಟೆಲಿವಿಷನ್ ಪರದೆಯ ಮೇಲೂ ಸೆಕೆಂಡಿಗೆ 25 ಚಿತ್ರಗಳು. ಅಲ್ಲಿ ಕಣ್ಣು ಅವನ್ನು ಬಿಡಿಬಿಡಿಯಾಗಿ ಕಾಣಲಾರದು.) ತಲೆಯ ಭಾಗದಲ್ಲಿ ಛಾವಣಿ ಚೂರು ಮೇಲಕ್ಕೆ ಉಬ್ಬಿದೆ. ಹೀಗಾಗಿ ಸದ್ದು ಚದುರದೆ ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆ.

1961ರಲ್ಲಿ ಈ ಮಂದಿರಕ್ಕೆ ಬೆಂಕಿ ಬಿದ್ದು ಡ್ರ್ಯಾಗನ್ ಸುಟ್ಟುಹೋಯಿತು. ಚಿತ್ರವನ್ನು ಇನ್ನೊಬ್ಬ ಕಲಾವಿದ ಮತ್ತೆ ಬರೆಯಬಹುದು, ಬರೆದದ್ದೂ ಆಯಿತು. ಆದರೆ ದನಿಯನ್ನು ತರುವುದು ಹೇಗೆ? ಛಾವಣಿಯ ಉಬ್ಬಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಡ್ರ್ಯಾಗನ್ ಮೂಕವಾಗುತ್ತಿತ್ತು. ಆಗ ಧ್ವನಿವಿಜ್ಞಾನಿಗಳು ಮಾದರಿಗಳನ್ನಿಟ್ಟು ಪ್ರಯೋಗ ಮಾಡಿ, ಎಂಥ ಛಾವಣಿಯಿಂದ ಹಳೆಯ ದನಿ ಬಂದೀತು ಎಂದು ಪರೀಕ್ಷಿಸಿದರು. ಅದರ ಆಧಾರದ ಮೇಲೆ ಮಂದಿರ ಮತ್ತೆ ಎದ್ದಿತು, ಡ್ರ್ಯಾಗನ್ ಮತ್ತೆ ಅತ್ತಿತು.

ಒಳಗೆ ಫೋಟೋ ತೆಗೆಯುವಂತಿಲ್ಲ. ಸರದಿಯಲ್ಲಿ ಹತ್ತಿಪ್ಪತ್ತು ಜನರನ್ನು ಒಟ್ಟಿಗೆ ಬಿಡುತ್ತಾರೆ. ಮೊದಲು ಬೇರೆ ಜಾಗದಲ್ಲಿ ತಾಡಿಸಿ, ಆಮೇಲೆ ತಲೆಯ ಕೆಳಗೆ ಬರುತ್ತಾರೆ. ಆಗ ಮಾತಾಡದೆ ನಿಲ್ಲಿ. ಸದ್ದು ಇರುವುದು ಕೆಲವೇ ಕ್ಷಣ, ಅಷ್ಟರಲ್ಲಿ ಮುಂದಿನ ತಂಡ ಬಾಗಿಲಲ್ಲಿ ಕಾಯುತ್ತಿರುತ್ತದೆ.