ಗಡಿಯಾರದ ಮುಳ್ಳೂ ಸೂರ್ಯನ ನಡೆಯೂ

ಕಾಲವು ಅಖಂಡವಾದುದು, ಅದನ್ನು ಗಳಿಗೆ, ಗಂಟೆ, ನಿಮಿಷಗಳೆಂದು ವಿಭಾಗಿಸಿದವನು ಮಾನವನು. ಸೂರ್ಯನ ಉದಯಾಸ್ತಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಗಡಿಯಾರದ ಮುಳ್ಳುಗಳಾದರೋ ಮಾನವನು ತಿರುಗಿಸಿದತ್ತ ತಿರುಗುತ್ತವೆ. ಈ ಸ್ವಾತಂತ್ರ್ಯವನ್ನು ಬಳಸಿಕೊಂಡು ಯೂರೋಪಿನ ಬಹುತೇಕ ದೇಶಗಳೂ ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ರಾಜ್ಯಗಳೂ ವರ್ಷಕ್ಕೆ ಎರಡು ಸಲ ಗಡಿಯಾರವನ್ನು ತಿದ್ದುತ್ತ ಬಂದಿವೆ. ವಸಂತದಲ್ಲಿ ಒಂದು ಗಂಟೆ ಮುಂದೆ, ಶರತ್ಕಾಲದಲ್ಲಿ ಒಂದು ಗಂಟೆ ಹಿಂದೆ. ಈ ಪದ್ಧತಿಯನ್ನು ಕೈಬಿಟ್ಟು ವರ್ಷವಿಡೀ ಒಂದೇ ಕಾಲಮಾನವನ್ನು ಅನುಸರಿಸಬೇಕೆಂಬ ವಾದವು ಇತ್ತೀಚಿನ ವರ್ಷಗಳಲ್ಲಿ ಬಲಗೊಂಡಿದೆ. ಆದರೆ ಯಾವ ಕಾಲಮಾನವನ್ನು ಉಳಿಸಿಕೊಳ್ಳಬೇಕೆಂಬಲ್ಲಿ ಒಮ್ಮತ ಮೂಡಿಲ್ಲ.

ಇದು ದೂರದ ದೇಶಗಳ ಸಂಗತಿಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ನೆಲೆಸಿರುವ ಮಕ್ಕಳ ದೂರವಾಣಿ ಕರೆಗಾಗಿ ಕಾಯುವ ತಂದೆತಾಯಿಗಳಿಗೆ ಇದು ಅಪರಿಚಿತವಲ್ಲ. ಬ್ರಿಟನ್ನಿಗೂ ಭಾರತಕ್ಕೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆಗಳ ಅಂತರವಿದ್ದರೆ ಚಳಿಗಾಲದಲ್ಲಿ ಐದೂವರೆ ಗಂಟೆ. ನ್ಯೂಯಾರ್ಕಿನೊಡನೆ ಈ ಅಂತರವು ಒಂಬತ್ತೂವರೆಯಿಂದ ಹತ್ತೂವರೆ ಗಂಟೆಗೆ ಏರುತ್ತದೆ. ಭಾರತದ ಗಡಿಯಾರ ಕದಲುವುದಿಲ್ಲ. ಸರಿಯುವುದು ಅಲ್ಲಿಯ ಗಡಿಯಾರ.

ಈ ಪದ್ಧತಿ ಏಕೆ ಹುಟ್ಟಿತೆಂಬುದನ್ನು ತಿಳಿಯಲು ಹಗಲಿರುಳುಗಳ ಪ್ರಮಾಣವನ್ನು ಗಮನಿಸಬೇಕು. ಭೂಮಿಯ ಅಕ್ಷವು ವಾಲಿರುವುದರಿಂದ ಸಮಭಾಜಕ ವೃತ್ತದಿಂದ ದೂರ ಹೋದಂತೆಲ್ಲ ಹಗಲು ಬೇಸಿಗೆಯಲ್ಲಿ ಹೆಚ್ಚು ಹಿಗ್ಗುತ್ತದೆ, ಚಳಿಗಾಲದಲ್ಲಿ ಹೆಚ್ಚು ಕುಗ್ಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಾದರೋ ಜೂನ್ ತಿಂಗಳ ಹಗಲು 16 ಗಂಟೆಗಳನ್ನು ಮೀರಿದರೆ ಡಿಸೆಂಬರ್ ತಿಂಗಳ ಹಗಲು 8 ಗಂಟೆಗಳನ್ನೂ ಮುಟ್ಟುವುದಿಲ್ಲ. ಗಡಿಯಾರವನ್ನು ತಿದ್ದದಿದ್ದರೆ ಅಲ್ಲಿ ಜೂನ್ ತಿಂಗಳಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯೋದಯವಾಗುತ್ತದೆ. ಜನರು ನಿದ್ರೆಯಲ್ಲಿರುವಾಗ ಕಳೆದುಹೋಗುವ ಆ ಬೆಳಕನ್ನು ಸಂಜೆಗೆ ಸಾಗಿಸುವ ಉಪಾಯವೇ ಬೇಸಿಗೆ ಕಾಲಮಾನ. ಇದರಿಂದ ಬೆಳಕು ಕಿಂಚಿತ್ತೂ ಹೆಚ್ಚುವುದಿಲ್ಲ. ಜನರು ಒಂದು ಗಂಟೆ ಬೇಗ ಏಳುತ್ತಾರೆ, ಅಷ್ಟೆ.

ಈ ಸಲಹೆಯನ್ನು ಮೊದಲು ಕ್ರಮಬದ್ಧವಾಗಿ ಮುಂದಿಟ್ಟವನು ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಕಚೇರಿಯ ನೌಕರನಾಗಿದ್ದ ಈತನಿಗೆ ಕೀಟಗಳ ಅಧ್ಯಯನದಲ್ಲಿ ಅಪಾರ ಆಸಕ್ತಿ. ಕೆಲಸ ಮುಗಿದ ಮೇಲೆ ಕೀಟಗಳನ್ನು ಸಂಗ್ರಹಿಸಲು ಬೆಳಕು ಉಳಿಯಲೆಂದು ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದೆ ಮಾಡಬೇಕೆಂಬ ಪ್ರಬಂಧವನ್ನು 1895ರಲ್ಲಿ ಮಂಡಿಸಿದನು. 1907ರಲ್ಲಿ ಇಂಗ್ಲೆಂಡಿನ ಗೃಹನಿರ್ಮಾಪಕ ವಿಲಿಯಂ ವಿಲೆಟ್ ಇದೇ ಆಶಯದ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ತನ್ನ ಜೀವಿತದ ಕೊನೆಯವರೆಗೂ ಇದಕ್ಕಾಗಿ ಹೋರಾಡಿದನು. 1915ರಲ್ಲಿ ಆತನು ತೀರಿಕೊಂಡಾಗ ಅವನ ಮಾತು ಇನ್ನೂ ಕಾನೂನಾಗಿರಲಿಲ್ಲ. ಅದನ್ನು ಕಾನೂನಾಗಿಸಿದುದು ಯುದ್ಧ. ಮೊದಲ ಮಹಾಯುದ್ಧದ ನಡುವೆ ಇಂಧನವನ್ನು ಉಳಿಸುವ ಉದ್ದೇಶದಿಂದ ಜರ್ಮನಿಯು 1916ರ ಏಪ್ರಿಲ್ 30ರಂದು ಗಡಿಯಾರವನ್ನು ಮುಂದೆ ಮಾಡಿತು. ಮೂರು ವಾರಗಳಲ್ಲಿ ಬ್ರಿಟನ್ ಅದನ್ನು ಅನುಸರಿಸಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಯೋಗವು ಭಾರತಕ್ಕೂ ಬಂದಿತ್ತು. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಭಾರತೀಯ ಕಾಲಮಾನವನ್ನು ಒಂದು ಗಂಟೆ ಮುಂದೆ ಮಾಡಲಾಗಿತ್ತು. ಯುದ್ಧ ಮುಗಿದೊಡನೆ ಅದು ರದ್ದಾಯಿತು. ಹಗಲಿರುಳುಗಳ ಅಂತರ ಹೆಚ್ಚಿಲ್ಲದ ದೇಶಕ್ಕೆ ಋತುವಿಗೊಂದು ಕಾಲಮಾನದ ಅಗತ್ಯವಿರಲಿಲ್ಲ.

ಈ ಪದ್ಧತಿಯ ಮೇಲಿನ ಆಕ್ಷೇಪಗಳು ಮುಖ್ಯವಾಗಿ ಎರಡು. ಮೊದಲನೆಯದು ಉಳಿತಾಯಕ್ಕೆ ಸಂಬಂಧಿಸಿದುದು. ದೀಪವೇ ವಿದ್ಯುತ್ತಿನ ಮುಖ್ಯ ಬಳಕೆಯಾಗಿದ್ದ ಕಾಲದ ಲೆಕ್ಕ ಇಂದು ನಿಲ್ಲುವುದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯವು 2006ರಲ್ಲಿ ರಾಜ್ಯಾದ್ಯಂತ ಬೇಸಿಗೆ ಕಾಲಮಾನವನ್ನು ಜಾರಿಗೆ ತಂದಾಗ ಮನೆಗಳ ವಿದ್ಯುತ್ ಬಳಕೆ ಇಳಿಯುವ ಬದಲು ಶೇಕಡ 1ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ದೀಪದಲ್ಲಿ ಉಳಿದುದು ಮನೆಯನ್ನು ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳಲ್ಲಿ ಖರ್ಚಾಗಿತ್ತು. ಎರಡನೆಯದು ಆರೋಗ್ಯಕ್ಕೆ ಸಂಬಂಧಿಸಿದುದು. ಗಡಿಯಾರ ಮುಂದೆ ಸರಿದ ಮೊದಲ ವಾರದಲ್ಲಿ ಹೃದಯಾಘಾತಗಳು ತುಸು ಹೆಚ್ಚುತ್ತವೆಂದು ಸ್ವೀಡನ್ನಿನ ಸಂಶೋಧಕರು 2008ರಲ್ಲಿ ತೋರಿಸಿದರು. ಆದುದರಿಂದ ಬದಲಾವಣೆ ನಿಲ್ಲಲಿ ಎಂಬ ಮಾತಿಗೆ ಹೆಚ್ಚಿನ ವಿರೋಧವಿಲ್ಲ. 2018ರಲ್ಲಿ ಯೂರೋಪಿಯನ್ ಒಕ್ಕೂಟವು ಅಭಿಪ್ರಾಯ ಕೇಳಿದಾಗ ಉತ್ತರಿಸಿದ ಸುಮಾರು 46 ಲಕ್ಷ ಜನರಲ್ಲಿ ಶೇಕಡ 84ರಷ್ಟು ಮಂದಿ ಪದ್ಧತಿಯನ್ನು ನಿಲ್ಲಿಸಬೇಕೆಂದರು. ಇವರಲ್ಲಿ ಹೆಚ್ಚಿನವರು ಜರ್ಮನಿಯೊಂದರವರೇ ಆಗಿದ್ದರೆಂಬುದನ್ನೂ ಮರೆಯಲಾಗದು. 2019ರ ಮಾರ್ಚಿಯಲ್ಲಿ ಯೂರೋಪಿನ ಸಂಸತ್ತು 410 ಮತಗಳಿಂದ, 192 ಮತಗಳ ವಿರುದ್ಧ, 2021ರಲ್ಲಿ ಇದನ್ನು ಕೊನೆಗಾಣಿಸಲು ಒಪ್ಪಿತು. ಆದರೆ ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ ಆ ಗಡುವು ಹಾಗೆಯೇ ಕಳೆದುಹೋಯಿತು.

ಕಾರಣವೇನು? ಮಧ್ಯ ಯೂರೋಪಿನ ಕಾಲಮಾನವು ಪೂರ್ವದ ಪೋಲೆಂಡಿನಿಂದ ಪಶ್ಚಿಮದ ಸ್ಪೇನಿನವರೆಗೆ ಹಬ್ಬಿದೆ. ವರ್ಷವಿಡೀ ಬೇಸಿಗೆ ಕಾಲಮಾನವನ್ನಿಟ್ಟುಕೊಂಡರೆ ಸ್ಪೇನಿನ ವಿಗೊ ನಗರದಲ್ಲಿ ಚಳಿಗಾಲದ ಸೂರ್ಯೋದಯ ಬೆಳಗಿನ ಹತ್ತು ಗಂಟೆಗೆ. ವರ್ಷವಿಡೀ ಪ್ರಮಾಣ ಕಾಲಮಾನವನ್ನಿಟ್ಟುಕೊಂಡರೆ ಪೋಲೆಂಡಿನ ವಾರ್ಸಾದಲ್ಲಿ ಬೇಸಿಗೆಯ ಸೂರ್ಯೋದಯ ನಸುಕಿನ ಮೂರೂಕಾಲು ಗಂಟೆಗೆ. ಒಬ್ಬರ ಅನುಕೂಲ ಇನ್ನೊಬ್ಬರ ಅನನುಕೂಲ.

ದೀರ್ಘ ಸಂಜೆಯ ಆಕರ್ಷಣೆಯಿಂದ ಬೇಸಿಗೆ ಕಾಲಮಾನವನ್ನೇ ವರ್ಷವಿಡೀ ಉಳಿಸಿಕೊಂಡ ದೇಶಗಳ ಅನುಭವ ಇಲ್ಲಿ ಪಾಠವಾಗಬಲ್ಲುದು. ಬ್ರಿಟನ್ 1968ರ ಅಕ್ಟೋಬರಿನಿಂದ 1971ರ ಅಕ್ಟೋಬರಿನವರೆಗೆ ಇದನ್ನು ಪರೀಕ್ಷಿಸಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಡಿಸೆಂಬರಿನ ಸೂರ್ಯನು 9-40ರ ಮೇಲೆ ಮೂಡುತ್ತಿದ್ದನು. ಮಕ್ಕಳು ಕತ್ತಲಲ್ಲಿ ಶಾಲೆಗೆ ನಡೆದರು. ಹಾಲು ಹಂಚುವವರು, ರೈತರು, ಕಟ್ಟಡ ಕಾರ್ಮಿಕರು ಕತ್ತಲಲ್ಲಿ ಕೆಲಸಕ್ಕಿಳಿದರು. ಬೆಳಗಿನ ಅಪಘಾತಗಳು ಹೆಚ್ಚಿದರೂ ಸಂಜೆಯ ಅಪಘಾತಗಳು ಅದಕ್ಕಿಂತ ಹೆಚ್ಚಾಗಿ ಇಳಿದವೆಂದು ಅಂಕಿಅಂಶಗಳು ಹೇಳಿದವು. ಆದರೂ 1970ರ ಡಿಸೆಂಬರಿನಲ್ಲಿ ಸಂಸತ್ತು 366 ಮತಗಳಿಂದ, 81 ಮತಗಳ ವಿರುದ್ಧ, ಪ್ರಯೋಗವನ್ನು ನಿಲ್ಲಿಸಲು ತೀರ್ಮಾನಿಸಿತು. ತೈಲದ ಅಭಾವದಿಂದ ಅಮೆರಿಕವು 1974ರ ಜನವರಿ 6ರಿಂದ ಇದೇ ದಾರಿಯನ್ನು ಹಿಡಿಯಿತು. ಕೆಲವೇ ವಾರಗಳಲ್ಲಿ, ನಸುಕಿನ ಕತ್ತಲಲ್ಲಿ ಶಾಲೆಗೆ ಹೊರಟ ಮಕ್ಕಳು ವಾಹನಗಳಿಗೆ ಸಿಕ್ಕ ಸುದ್ದಿಗಳು ಫ್ಲಾರಿಡಾದಿಂದ ಬಂದವು. ಆರಂಭದಲ್ಲಿ ಒಪ್ಪಿದ್ದ ಜನರೇ ವಿರೋಧಿಸಿದರು; ಅದೇ ವರ್ಷದ ಅಕ್ಟೋಬರಿನಲ್ಲಿ ಚಳಿಗಾಲಕ್ಕೆ ಪ್ರಮಾಣ ಕಾಲಮಾನ ಮರಳಿ ಬಂದಿತು. ರಷ್ಯವು 2011ರಲ್ಲಿ ಶಾಶ್ವತ ಬೇಸಿಗೆ ಕಾಲಮಾನವನ್ನು ಸ್ವೀಕರಿಸಿ, 2014ರಲ್ಲಿ ಅದನ್ನು ಬಿಟ್ಟು ಶಾಶ್ವತ ಚಳಿಗಾಲದ ಕಾಲಮಾನಕ್ಕೆ ತಿರುಗಿತು. ತುರ್ಕಿಯು ಮಾತ್ರ 2016ರಿಂದ ಬೇಸಿಗೆ ಕಾಲಮಾನವನ್ನೇ ವರ್ಷವಿಡೀ ಪಾಲಿಸುತ್ತ ಬಂದಿದೆ. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಗಡಿಯಾರ ತಿದ್ದುವುದನ್ನು ನಿಲ್ಲಿಸಿ ಪ್ರಮಾಣ ಕಾಲಮಾನವನ್ನು ಉಳಿಸಿಕೊಂಡಿತು.

ವಿಜ್ಞಾನವೂ ಬೆಳಗಿನ ಬೆಳಕಿನ ಪರವಾಗಿಯೇ ನಿಲ್ಲುತ್ತದೆ. ಜೀವಕೋಶಗಳಲ್ಲಿಯೇ ಒಂದು ಗಡಿಯಾರವಿದೆ; ಅದು ನಡೆಯುವ ಬಗೆಯನ್ನು ಶೋಧಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಒಳಗಿನ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಮುಂಜಾನೆಯ ಬೆಳಕು. ಬೆಳಕು ಮೂಡುವ ಮೊದಲೇ ಎಬ್ಬಿಸಿದ ಬಾಲಕನು ತರಗತಿಯಲ್ಲಿ ಕುಳಿತಿದ್ದರೂ ಅವನ ದೇಹವು ಇನ್ನೂ ರಾತ್ರಿಯಲ್ಲಿಯೇ ಇರುತ್ತದೆ. ಈ ಕಾರಣದಿಂದಲೇ ಅಮೆರಿಕದ ನಿದ್ರಾವೈದ್ಯಶಾಸ್ತ್ರ ಅಕಾಡೆಮಿಯು 2020ರಲ್ಲಿ ವರ್ಷವಿಡೀ ಪ್ರಮಾಣ ಕಾಲಮಾನವೇ ಇರಲೆಂದು ಅಭಿಪ್ರಾಯಪಟ್ಟಿತು. ಆದರೂ 2022ರ ಮಾರ್ಚಿಯಲ್ಲಿ ಆ ದೇಶದ ಸೆನೆಟ್ ಸಭೆಯು ಶಾಶ್ವತ ಬೇಸಿಗೆ ಕಾಲಮಾನದ ಮಸೂದೆಯನ್ನು ಅಂಗೀಕರಿಸಿತು. ಕೆಳಮನೆಯು ಅದನ್ನು ಮತಕ್ಕೆ ಹಾಕಲಿಲ್ಲ. 1974ರ ಪಾಠ ಅರ್ಧ ಶತಮಾನದೊಳಗೆ ಮರೆತುಹೋಗುವಷ್ಟು ಸಂಜೆಯ ಬೆಳಕಿನ ಸೆಳೆತ ಬಲವಾಗಿದೆ.

ಹಾಗಾದರೆ ಋತುವಿಗೆ ಹೊಂದಿಕೊಳ್ಳುವ ಅಗತ್ಯವೇ ಇಲ್ಲವೆ? ಇದೆ. ಅದಕ್ಕೆ ಗಡಿಯಾರವನ್ನೇ ತಿದ್ದಬೇಕಾಗಿಲ್ಲ. ಕಲಬುರಗಿ, ವಿಜಯಪುರ ಮೊದಲಾದ ಬಿಸಿಲುನಾಡಿನ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಏರ್ಪಾಡು ಬಹುಕಾಲದಿಂದ ರೂಢಿಯಲ್ಲಿದೆ. ಶನಿವಾರದ ಬೆಳಗಿನ ಶಾಲೆ ಕನ್ನಡ ನಾಡಿನ ಶಿಕ್ಷಕರೆಲ್ಲ ಬಲ್ಲ ವ್ಯವಸ್ಥೆ. ಅಸ್ಸಾಮಿನಲ್ಲಿ ಸೂರ್ಯನು ಬೇಗ ಉದಯಿಸುವುದರಿಂದ ಅಲ್ಲಿಯ ಚಹಾ ತೋಟಗಳು ಭಾರತೀಯ ಕಾಲಮಾನಕ್ಕಿಂತ ಒಂದು ಗಂಟೆ ಮುಂದಿರುವ ‘ಬಾಗಾನ್ ಸಮಯ’ವನ್ನು ತಮ್ಮ ಕೆಲಸದ ಮಟ್ಟಿಗೆ ಪಾಲಿಸುತ್ತ ಬಂದಿವೆ. ಇಲ್ಲೆಲ್ಲ ದೇಶದ ಗಡಿಯಾರ ಒಂದೇ. ಬದಲಾಗುವುದು ಕೆಲಸದ ವೇಳೆ. ಬಿಸಿಲನ್ನು ಬಲ್ಲವರು ಬಿಸಿಲಿಗೆ ತಕ್ಕಂತೆ, ಬೆಳಕನ್ನು ಬಲ್ಲವರು ಬೆಳಕಿಗೆ ತಕ್ಕಂತೆ ವೇಳಾಪಟ್ಟಿಯನ್ನು ಹೊಂದಿಸಿಕೊಳ್ಳುತ್ತಾರೆ.

ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ಪದ್ಧತಿಯು ನಿಲ್ಲುವುದು ಒಳ್ಳೆಯದೇ. ಆದರೆ ನಿಲ್ಲಿಸುವಾಗ ಸೂರ್ಯನ ನಡೆಗೆ ಹೆಚ್ಚು ಸಮೀಪವಾದ ಕಾಲಮಾನವನ್ನು ಉಳಿಸಿಕೊಳ್ಳುವುದೇ ವಿವೇಕ. ಸಂಜೆಯ ಬೆಳಕು ವಿಹಾರಕ್ಕೂ ವ್ಯಾಪಾರಕ್ಕೂ ಹಿತಕರವೆಂಬುದು ನಿಜ. ಬೆಳಗಿನ ಬೆಳಕಾದರೋ ಹಾಲು ಹಾಕುವವನಿಗೆ, ಹೊಲಕ್ಕೆ ಹೋಗುವವನಿಗೆ, ಪುಸ್ತಕದ ಚೀಲ ಹೊತ್ತು ಶಾಲೆಗೆ ನಡೆಯುವ ಮಗುವಿಗೆ ದಾರಿ ತೋರುವ ಬೆಳಕು. ಶಾಲೆಯ ಗಂಟೆ ಯಾವ ದೇಶದಲ್ಲಿಯೇ ಬಾರಿಸಲಿ, ಆ ಹೊತ್ತಿಗೆ ಅಂಗಳದಲ್ಲಿ ಬೆಳಕು ಹರಿದಿರಬೇಕು.